ತೊಡೆಗೆ ಕೆಂಪು ಬೆಳಕು: ಓಟಗಾರರು, ಸೈಕಲ್ ಸವಾರರು, ಕಬಡ್ಡಿ ಆಟಗಾರರಿಗೆ ಅಳತೆಯ ಮಾರ್ಗದರ್ಶಿ

ಮುಳ್ಳಯ್ಯನಗಿರಿ ಹತ್ತುವಾಗ ಉಸಿರು ಕಟ್ಟುತ್ತದೆ, ಆದರೆ ತೊಡೆಗೆ ಪೆಟ್ಟು ಬೀಳುವುದು ಇಳಿಯುವಾಗ. 1,930 ಮೀಟರ್ ಎತ್ತರದಿಂದ ಸರ್ಪದಾರಿಯಲ್ಲಿ ಓಡಿ ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ಪ್ರತಿ ಹೆಜ್ಜೆಗೂ ಬ್ರೇಕ್ ಹಿಡಿದಂತೆ. ಹೀಗೆ ಹಿಗ್ಗುತ್ತಾ ಭಾರ ತಡೆದ ಸ್ನಾಯುವಿನ ಎಳೆಗಳಲ್ಲಿ ಅಲ್ಲಲ್ಲಿ ಸಣ್ಣ ಸೀಳುಗಳಾಗುತ್ತವೆ. ಅದರ ನೋವು ಅಂದೇ ಗೊತ್ತಾಗುವುದಿಲ್ಲ, 24ರಿಂದ 72 ಗಂಟೆಯ ನಡುವೆ ಏರುತ್ತದೆ. ಭಾನುವಾರ ಗಿರಿ ಇಳಿದವರು ಮಂಗಳವಾರ ಗೋಡೆ ಹಿಡಿದು ಮೆಟ್ಟಿಲಿಳಿಯುವುದು ಇದರಿಂದಲೇ.

ಈ ನೋವಿಗೆ, ಜೊತೆಗೆ ಆಟದಲ್ಲಿ ಒಂದಿಷ್ಟು ಹೆಚ್ಚು ದಮ್ಮಿಗೆ, ರೆಡ್ ಲೈಟ್ ಥೆರಪಿ, ಅಂದರೆ ಮೈಗೆ ಕೆಂಪು ಬೆಳಕು ಹಿಡಿಯುವ ಚಿಕಿತ್ಸೆ, ಕೆಲಸಕ್ಕೆ ಬರುತ್ತದೆಯೇ? ಬರುತ್ತದೆ, ಆದರೆ ಲಾಭ ಚಿಕ್ಕದು. ಸರಿಯಾದ ಬಣ್ಣದ ಬೆಳಕು, ಸರಿಯಾದ ಜೂಲ್ (ಶಕ್ತಿಯ ಅಳತೆ) ಲೆಕ್ಕದಲ್ಲಿ, ಸರಿಯಾದ ಸ್ನಾಯುವಿಗೆ, ಆಟಕ್ಕೆ ಮೊದಲು ಬಿದ್ದರೆ ಮಾತ್ರ ಅಷ್ಟಾದರೂ ಸಿಗುತ್ತದೆ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಉಳಿಯುವುದು ಕೋಣೆಯಲ್ಲಿ ಒಂದು ಕೆಂಪು ದೀಪ. ಎಂಟು ಗಂಟೆ ನಿದ್ದೆ, ಹೊಟ್ಟೆ ತುಂಬ ಊಟ, ಸಾಕಷ್ಟು ಮೊಟ್ಟೆ-ಬೇಳೆ ಇವು ಸರಿಯಿಲ್ಲದವರು ಮೊದಲು ಅದನ್ನು ನೋಡಿಕೊಳ್ಳಲಿ. ಅಲ್ಲಿ ಸಿಗುವ ಲಾಭ ಯಾವ ಕೆಂಪು ದೀಪದ ಪ್ಯಾನೆಲ್ಲೂ ಕೊಡುವುದಿಲ್ಲ.

ಒಳಗೆ ಏನಾಗುತ್ತದೆ

1967ರಲ್ಲಿ ಬುಡಾಪೆಸ್ಟ್‌ನ ವೈದ್ಯ ಎಂಡ್ರೆ ಮೆಸ್ಟರ್ ಲೇಸರ್‌ನಿಂದ ಇಲಿಗಳಿಗೆ ಕ್ಯಾನ್ಸರ್ ಬರುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು. ಕ್ಯಾನ್ಸರ್ ಬರಲಿಲ್ಲ. ಬದಲಿಗೆ ಬೋಳಿಸಿದ ಜಾಗದಲ್ಲಿ ಕೂದಲು ಬೇಗ ಬೆಳೆಯಿತು. ಈ ವಿದ್ಯೆ ಶುರುವಾದದ್ದು ಅಲ್ಲಿಂದ. ಇಂದು ಇದರ ಶಾಸ್ತ್ರೀಯ ಹೆಸರು ಫೋಟೊಬಯೊಮಾಡ್ಯುಲೇಶನ್.

ಜೀವಕೋಶಕ್ಕೆ ಶಕ್ತಿ ತಯಾರಿಸುವ ಭಾಗವಾದ ಮೈಟೊಕಾಂಡ್ರಿಯದಲ್ಲಿ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವವಿದೆ. ನಾವು ಉಸಿರಾಡಿದ ಆಮ್ಲಜನಕ ಕೊನೆಗೆ ಬಳಕೆಯಾಗುವುದು ಅಲ್ಲೇ. ಕೆಂಪು ಮತ್ತು ಕಣ್ಣಿಗೆ ಕಾಣದ ನಿಯರ್ ಇನ್ಫ್ರಾರೆಡ್ ಬೆಳಕನ್ನು ಇದು ಹೀರಿಕೊಳ್ಳುತ್ತದೆ. ಆಗ ಕಿಣ್ವಕ್ಕೆ ಅಂಟಿ ಅದರ ಕೆಲಸ ತಡೆಯುವ ನೈಟ್ರಿಕ್ ಆಕ್ಸೈಡ್ ಕಳಚಿಕೊಳ್ಳುತ್ತದೆ, ಶಕ್ತಿಯ ಅಣು ಎಟಿಪಿ ತಯಾರಿ ಹೆಚ್ಚುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಪ್ರಮಾಣ ಮಿತಿಯಲ್ಲಿದ್ದರೆ ಉತ್ತೇಜನ, ಮೀರಿದರೆ ಪರಿಣಾಮ ಇಳಿಯುತ್ತದೆ, ಕೆಲವೊಮ್ಮೆ ತಿರುಗುಬಾಣವೂ ಆಗುತ್ತದೆ. ಔಷಧಿಯ ಹಾಗೆ ಇದಕ್ಕೂ ಡೋಸ್ ಇದೆ ಎಂಬುದನ್ನು ಕೊನೆಯವರೆಗೂ ನೆನಪಿಡಿ.

ಯಾವ ಬೆಳಕು ಆಗುತ್ತದೆ, ಯಾವುದು ಆಗುವುದಿಲ್ಲ

ಬೇಕಾದ ತರಂಗಾಂತರ ಎರಡು ಗುಂಪಿನಲ್ಲಿದೆ: 630ರಿಂದ 660 ನ್ಯಾನೋಮೀಟರ್‌ನ ಕೆಂಪು, 810ರಿಂದ 850ರ ನಿಯರ್ ಇನ್ಫ್ರಾರೆಡ್. 904-905 ನ್ಯಾನೋಮೀಟರ್‌ನ ಪಲ್ಸ್ ಲೇಸರ್‌ಗಳೂ ಇವೆ, ಅವು ಫಿಸಿಯೊಥೆರಪಿ ಕ್ಲಿನಿಕ್‌ನ ವಸ್ತು. ಕೆಂಪು ಬೆಳಕು ಚರ್ಮದಲ್ಲೇ ಬಹುಪಾಲು ಮುಗಿಯುತ್ತದೆ. ಸ್ನಾಯು ಮುಟ್ಟಬೇಕೆಂದರೆ ನಿಯರ್ ಇನ್ಫ್ರಾರೆಡ್ ಬೇಕೇ ಬೇಕು. ನಮ್ಮ ಎಣ್ಣೆಗೆಂಪು, ಕಪ್ಪು ಮೈಬಣ್ಣಕ್ಕೆ ಇದು ಇನ್ನೂ ಮುಖ್ಯ. ಚರ್ಮದ ಮೆಲನಿನ್ 660ರ ಬೆಳಕನ್ನು 850ರದಕ್ಕಿಂತ ಹೆಚ್ಚು ಹೀರುತ್ತದೆ. ಹೀರಿದ್ದು ಬಿಸಿಯಾಗಿ ಚರ್ಮದಲ್ಲೇ ಉಳಿಯುತ್ತದೆ, ಸ್ನಾಯುವಿಗೆ ತಲುಪುವುದಿಲ್ಲ.

ಈಗ ಆಗದವುಗಳ ವಿಷಯ. ಕೋಳಿಮರಿ ಕಾವಿಗೆ ತೂಗುಹಾಕುವ 250 ವಾಟ್‌ನ ಕೆಂಪು ಬಲ್ಬನ್ನು ಮಂಡಿಗೆ ಹಿಡಿದುಕೊಳ್ಳುವವರಿದ್ದಾರೆ. ಕ್ಲಿನಿಕ್‌ಗಳಲ್ಲಿ "ಐಆರ್‌ಆರ್" ಎಂದು ಕೊಡುವ ದೀಪವೂ ಅದೇ ಜಾತಿಯದು. ಇವುಗಳ ಶಕ್ತಿಯ ಬಹುಪಾಲು 1,000 ನ್ಯಾನೋಮೀಟರ್‌ನ ಆಚೆಗೆ ಇರುತ್ತದೆ, ಅಂದರೆ ಬರೀ ಶಾಖ. ಬಿಸಿನೀರಿನ ಚೀಲದಷ್ಟೇ ಉಪಯೋಗ. ದಿನಾ ಹತ್ತಿರ ಹಿಡಿದರೆ ಚರ್ಮದ ಮೇಲೆ ಬಲೆಬಲೆಯಾಗಿ ಕಂದು ಕಲೆ ಬೀಳುತ್ತದೆ. ಹೊಸ ಉಳುಕಿಗೆ ಮೊದಲ 48 ಗಂಟೆ ಅದನ್ನು ಹಿಡಿಯಲೇಬಾರದು, ಊತ ಹೆಚ್ಚುತ್ತದೆ. ಕೆಂಪು ಬಣ್ಣ ಬಳಿದ ಸಾಮಾನ್ಯ ಎಲ್‌ಇಡಿ ಬಲ್ಬ್, ಅಂಗಡಿ ಅಲಂಕಾರದ ಕೆಂಪು ಪಟ್ಟಿ ದೀಪ ಇವುಗಳಿಂದಲೂ ಏನೂ ಆಗದು.

"ಬಿಸಿಲಲ್ಲೇ ಕೂತರೆ ಸಾಲದೇ?" ಎಂಬ ಪ್ರಶ್ನೆ ನ್ಯಾಯವಾದದ್ದು. ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಒಟ್ಟು ಸುಮಾರು 100 ಮಿಲಿವಾಟ್ ಪ್ರತಿ ಚದರ ಸೆಂ.ಮೀ.ಗೆ ಬೀಳುತ್ತದೆ. ಅದರಲ್ಲಿ 630ರಿಂದ 850ರ ಪಾಲು 25ರ ಆಸುಪಾಸು. ಕಡಿಮೆಯೇನಲ್ಲ. ಆದರೆ ಜೊತೆಗೆ ನೇರಳಾತೀತ ಕಿರಣ, ಬೆವರು, ಬಳಲಿಕೆ ಎಲ್ಲ ಉಚಿತವಾಗಿ ಬರುತ್ತವೆ. ಪಂದ್ಯಕ್ಕೆ ಗಂಟೆ ಮೊದಲು ಮೈ ಕಾಯಿಸಿಕೊಂಡು ನೀರು ಕಳೆದುಕೊಂಡರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ ಕಡೆ ಬಿಸಿಲನ್ನು ನಂಬಿ ಕೂತವರುಂಟೇ?

ಮೊದಲ ಹಂತ: ಉಪಕರಣ ಆರಿಸಿ, ಆಮೇಲೆ ಅದರ ಸುಳ್ಳು ಹಿಡಿಯಿರಿ

ಸಿಗುವ ಉಪಕರಣ ಮೂರು ಬಗೆ. ಚರ್ಮಕ್ಕೆ ಒತ್ತಿ ಹಿಡಿಯುವ ಹಲವು ಡಯೋಡ್‌ಗಳ (ಬೆಳಕು ಕೊಡುವ ಪುಟ್ಟ ಬಿಂದುಗಳ) ಕೈಯುಪಕರಣ, ಅಂದರೆ ಕ್ಲಸ್ಟರ್. ಗೋಡೆಗೋ ಮೇಜಿನ ಮೇಲೋ ನಿಲ್ಲಿಸುವ ಎಲ್‌ಇಡಿ ಪ್ಯಾನೆಲ್. ತೊಡೆಗೆ ಸುತ್ತುವ ಬೆಲ್ಟ್. ಕ್ರೀಡಾಪಟುಗಳ ಮೇಲೆ ಬ್ರೆಜಿಲ್‌ನಲ್ಲಿ ನಡೆದ ಪ್ರಯೋಗಗಳಲ್ಲಿ ಬಹುಪಾಲು ಚರ್ಮಕ್ಕೆ ತಾಗಿಸಿಯೇ ಮಾಡಿದವು. ಒತ್ತಿ ಹಿಡಿದಾಗ ಪ್ರತಿಫಲನ ಕಡಿಮೆಯಾಗುತ್ತದೆ, ಅಡಿಯ ರಕ್ತ ಪಕ್ಕಕ್ಕೆ ಸರಿಯುತ್ತದೆ, ಸ್ನಾಯು ಕೂಡ ಬೆಳಕಿಗೆ ಸ್ವಲ್ಪ ಹತ್ತಿರವಾಗುತ್ತದೆ. ಒಬ್ಬರೇ ಬಳಸುವುದಾದರೆ ಒಳ್ಳೆಯ ಕ್ಲಸ್ಟರ್ ನಮ್ಮ ಆಯ್ಕೆ. ಹತ್ತು ಹನ್ನೆರಡು ಜನರ ತಂಡಕ್ಕೆ ಒಬ್ಬೊಬ್ಬರಿಗೂ ಆರಾರು ಜಾಗ ಒತ್ತುತ್ತಾ ಕೂರುವುದಕ್ಕಿಂತ ಪ್ಯಾನೆಲ್ ವಾಸಿ. ಬೆಲ್ಟ್‌ಗಳಲ್ಲಿ ಹೆಚ್ಚಿನವು ಬಲಹೀನ. ಕೊಳ್ಳುವ ಮುನ್ನ ಕೆಳಗಿನ ಲೆಕ್ಕ ಹಾಕಿ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ನಂಬಬೇಡಿ. "600 ವಾಟ್" ಎಂದು ಬರೆದ ಪ್ಯಾನೆಲ್ ಗೋಡೆಯಿಂದ ಎಳೆಯುವುದು 100-120 ವಾಟ್ ಇರಬಹುದು. ಪ್ರತಿ ಎಲ್‌ಇಡಿಯ ಗರಿಷ್ಠ ಸಾಮರ್ಥ್ಯವನ್ನು ಕೂಡಿಸಿ 600 ಎಂದಿರುತ್ತಾರೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ, ಪ್ಲಗ್‌ಗೂ ಉಪಕರಣಕ್ಕೂ ನಡುವೆ ಸಿಕ್ಕಿಸುವ ವಾಟ್ ಮೀಟರ್ ಒಂದಿದ್ದರೆ ಸತ್ಯ ಎರಡು ನಿಮಿಷದಲ್ಲಿ ಹೊರಬೀಳುತ್ತದೆ.

ಒಂದು ಉದಾಹರಣೆ. ಪ್ಯಾನೆಲ್‌ನ ಮುಖ 20 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದ, ಅಂದರೆ 800 ಚದರ ಸೆಂ.ಮೀ. ಮೀಟರ್ ತೋರಿಸಿದ್ದು 100 ವಾಟ್. ಎಲ್‌ಇಡಿ ಮತ್ತು ಅದಕ್ಕೆ ಕರೆಂಟ್ ಹೊಂದಿಸುವ ಡ್ರೈವರ್ ಸೇರಿ ಇದರಲ್ಲಿ ಬೆಳಕಾಗುವುದು ಶೇ. 40 ಎಂದು ಹಿಡಿಯಿರಿ, ಉಳಿದದ್ದು ಶಾಖ. ಹಾಗಾದರೆ ಬೆಳಕು 40 ವಾಟ್, ಅಂದರೆ 40,000 ಮಿಲಿವಾಟ್. ಅದನ್ನು 800ರಿಂದ ಭಾಗಿಸಿದರೆ 50. ಪ್ಯಾನೆಲ್‌ನ ಮುಖಕ್ಕೇ ಅಂಟಿಕೊಂಡರೂ ಸರಾಸರಿ ಚದರ ಸೆಂ.ಮೀ.ಗೆ 50 ಮಿಲಿವಾಟ್ ದಾಟಲು ಸಾಧ್ಯವೇ ಇಲ್ಲ. 15 ಸೆಂ.ಮೀ. ದೂರದಲ್ಲಿ ಬೆಳಕು ಹರಡಿ ನಡುಭಾಗದಲ್ಲಿ 25-30, ಅಂಚಿನಲ್ಲಿ ಅದರ ಅರ್ಧ ಉಳಿಯುತ್ತದೆ. ಅದೇ ಪೆಟ್ಟಿಗೆಯ ಮೇಲೆ "15 ಸೆಂ.ಮೀ.ನಲ್ಲಿ 150 ಮಿಲಿವಾಟ್" ಎಂದು ಅಚ್ಚಾಗಿದ್ದರೆ ಹತ್ತು ಲೀಟರ್ ಕೊಡದಲ್ಲಿ ಮೂವತ್ತು ಲೀಟರ್ ಹಾಲು ಕರೆದ ಕಥೆ ಅದು. ಈ ತಪ್ಪು ಎಷ್ಟೋ ಸಲ ಬೇಕೆಂದೇ ಆದದ್ದಲ್ಲ. ಸೋಲಾರ್ ಪ್ಯಾನೆಲ್ ಅಳೆಯುವ ಅಗ್ಗದ ಮೀಟರನ್ನು ಹಿಡಿದು ಅಳೆದಿರುತ್ತಾರೆ. ಸೂರ್ಯನ ಇಡೀ ಬೆಳಕಿಗೆ ಹೊಂದಿಸಿದ ಆ ಮೀಟರ್ ಬರೀ ಕೆಂಪು-ಇನ್ಫ್ರಾರೆಡ್ ಬೆಳಕಿಗೆ ಎರಡು ಪಟ್ಟಿನಷ್ಟು ಹೆಚ್ಚು ತೋರಿಸಬಲ್ಲದು.

ಇನ್ನೆರಡು ಪರೀಕ್ಷೆ ಮೊಬೈಲ್‌ನಲ್ಲೇ ಆಗುತ್ತದೆ. ಇನ್ಫ್ರಾರೆಡ್ ಮಾತ್ರ ಹೊತ್ತಿಸಿ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಕಣ್ಣಿಗೆ ಆರಿದಂತೆ ಕಾಣುವ ಡಯೋಡ್‌ಗಳು ತೆಳು ನೇರಳೆ ಬಣ್ಣದಲ್ಲಿ ಹೊಳೆಯಬೇಕು. ಕೆಲವು ಫೋನ್‌ಗಳ ಕ್ಯಾಮೆರಾ ಇನ್ಫ್ರಾರೆಡ್ ಬೆಳಕನ್ನು ಸೋಸಿಬಿಡುತ್ತದೆ, ಹಾಗಾಗಿ ಮೊದಲು ಟಿವಿ ರಿಮೋಟ್ ಒತ್ತಿ ನಿಮ್ಮ ಫೋನನ್ನೇ ಪರೀಕ್ಷಿಸಿಕೊಳ್ಳಿ. ಆಮೇಲೆ ಸ್ಲೋಮೋಶನ್‌ನಲ್ಲಿ ಕೆಂಪು ಬೆಳಕನ್ನು ಚಿತ್ರಿಸಿ. ಕಪ್ಪು ಪಟ್ಟೆಗಳು ಹರಿದಾಡಿದರೆ ದೀಪ ಮಿನುಗುತ್ತಿದೆ ಎಂದರ್ಥ. ಸ್ನಾಯುವಿಗೆ ಅದರಿಂದ ತೊಂದರೆಯಿಲ್ಲ, ತಲೆನೋವು ಅಥವಾ ಮೂರ್ಛೆರೋಗ ಇರುವವರಿಗೆ ಇದೆ.

ಎರಡನೇ ಹಂತ: ಜೂಲ್ ಲೆಕ್ಕ

ಸೂತ್ರ ಒಂದೇ: ವಾಟ್ ಗುಣಿಸು ಸೆಕೆಂಡ್, ಬಂದದ್ದು ಜೂಲ್. 100 ಮಿಲಿವಾಟ್‌ನ ಡಯೋಡ್ 30 ಸೆಕೆಂಡ್‌ನಲ್ಲಿ 3 ಜೂಲ್ ಕೊಡುತ್ತದೆ.

ಸ್ನಾಯುವಿನ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ ವಿಮರ್ಶೆಗಳಲ್ಲಿ ಫಲ ಕಂಡದ್ದು ತೋಳಿನಂಥ ಸಣ್ಣ ಸ್ನಾಯುಗುಂಪಿಗೆ ಒಟ್ಟು 20ರಿಂದ 60 ಜೂಲ್, ತೊಡೆಯಂಥ ದೊಡ್ಡದಕ್ಕೆ 60ರಿಂದ 300 ಜೂಲ್ ಕೊಟ್ಟಾಗ. ಒಂದೊಂದು ಡಯೋಡ್‌ನ ಶಕ್ತಿ 200 ಮಿಲಿವಾಟ್ ಮೀರಬಾರದು. ಬ್ರೆಜಿಲ್‌ನ ವೃತ್ತಿಪರ ವಾಲಿಬಾಲ್ ಆಟಗಾರರಿಗೆ ಪಂದ್ಯಕ್ಕೆ ಮೊದಲು 105, 210, 315 ಜೂಲ್ ಕೊಟ್ಟು ಮಾರನೇ ದಿನ ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಅಳೆದರು. ಸ್ನಾಯು ಹರಿದಾಗ ರಕ್ತಕ್ಕೆ ಸೋರುವ ವಸ್ತು ಇದು. 105 ಜೂಲ್ ಸಾಲಲಿಲ್ಲ. 210 ಮತ್ತು 315ರಲ್ಲಿ ಏರಿಕೆ ನಿಂತಿತು. ಎಲ್ಲ ಪ್ರಯೋಗಗಳೂ ಹೀಗೆ ಒಪ್ಪವಾಗಿಲ್ಲ, ಏನೂ ವ್ಯತ್ಯಾಸ ಕಾಣದವೂ ಇವೆ. ಅಂಥವುಗಳಲ್ಲಿ ಹಲವದರ ಡೋಸ್ ತೀರಾ ಕಡಿಮೆ ಅಥವಾ ತೀರಾ ಹೆಚ್ಚಿತ್ತು ಎಂಬುದನ್ನೂ ಗಮನಿಸಬೇಕು.

ಕ್ಲಸ್ಟರ್ ಇದ್ದರೆ ಲೆಕ್ಕ ಸುಲಭ. ಹತ್ತು ಡಯೋಡ್, ಒಂದೊಂದು 100 ಮಿಲಿವಾಟ್, ಒಟ್ಟು 1 ವಾಟ್ ಎಂದಿಟ್ಟುಕೊಳ್ಳಿ. ಒಂದು ಜಾಗದಲ್ಲಿ 40 ಸೆಕೆಂಡ್ ಒತ್ತಿದರೆ 40 ಜೂಲ್. ತೊಡೆಯ ಮುಂಭಾಗಕ್ಕೆ ಆರು ಜಾಗ, 240 ಜೂಲ್, ಕಾಲಿಗೆ ನಾಲ್ಕು ನಿಮಿಷ. ಅದೇ 300 ಮಿಲಿವಾಟ್‌ನ ಟಾರ್ಚ್ ಮಾದರಿಯಾದರೆ ಒಂದು ಜಾಗಕ್ಕೆ 133 ಸೆಕೆಂಡ್, ಒಂದು ತೊಡೆಗೆ ಹದಿಮೂರು ನಿಮಿಷ. 5 ಮಿಲಿವಾಟ್‌ನ ಲೇಸರ್ ಪಾಯಿಂಟರ್‌ನಲ್ಲಿ 40 ಜೂಲ್ ಬೇಕೆಂದರೆ 8,000 ಸೆಕೆಂಡ್, ಎರಡು ಗಂಟೆಗೂ ಮೇಲೆ, ಅದೂ ಒಂದೇ ಚುಕ್ಕೆಗೆ. ಅಗ್ಗದ "ಲೇಸರ್ ಕೈಗಡಿಯಾರ"ಗಳ ಹಣೆಬರಹವೂ ಇಷ್ಟೇ.

ಪ್ಯಾನೆಲ್‌ಗೆ ಲೆಕ್ಕ ಬೇರೆ. ಬೆಳಕು ಇಡೀ ತೊಡೆಗೆ ಹರಡುವುದರಿಂದ ಒಟ್ಟು ಜೂಲ್ ಬದಲು ಚದರ ಸೆಂ.ಮೀ.ಗೆ ಎಷ್ಟು ಜೂಲ್ ಎಂದು ನೋಡಬೇಕು. ಮಿಲಿವಾಟ್ ಗುಣಿಸು ಸೆಕೆಂಡ್, ಭಾಗಿಸು 1,000. ಮೇಲಿನ ಪ್ಯಾನೆಲ್‌ನಲ್ಲಿ 30 ಮಿಲಿವಾಟ್ ಸಿಗುವ ಜಾಗದಲ್ಲಿ 200 ಸೆಕೆಂಡ್ ನಿಂತರೆ 6 ಜೂಲ್, 400 ಸೆಕೆಂಡ್‌ಗೆ 12. ನಮ್ಮ ಸಲಹೆ: 6ರಿಂದ ಶುರುಮಾಡಿ, ಎರಡು ವಾರದಲ್ಲಿ 12ಕ್ಕೆ ಬನ್ನಿ, ಅಲ್ಲೇ ನಿಲ್ಲಿ.

ಸೂಕ್ಷ್ಮವಾಗಿ ಓದುವವರಿಗೆ ಇಲ್ಲಿ ಒಂದು ತಕರಾರು ಹೊಳೆಯುತ್ತದೆ. ತೊಡೆಯ ಮುಂಭಾಗ 400 ಚದರ ಸೆಂ.ಮೀ. ಎಂದರೆ 12ರಂತೆ 4,800 ಜೂಲ್ ಆಯಿತಲ್ಲ, 300ರ ಮಿತಿ ಎಲ್ಲಿ ಹೋಯಿತು? ಕ್ಲಸ್ಟರ್‌ನಲ್ಲಿ ಒಂದೊಂದು ಡಯೋಡ್ 4 ಜೂಲ್ ಕೊಡುವುದು ಅರ್ಧ ಚದರ ಸೆಂ.ಮೀ.ಗಿಂತಲೂ ಚಿಕ್ಕ ಚುಕ್ಕೆಗೆ. ಆ ಚುಕ್ಕೆಯ ಲೆಕ್ಕದಲ್ಲಿ ಅದು ಚದರ ಸೆಂ.ಮೀ.ಗೆ 10 ಜೂಲ್ ಆಸುಪಾಸೇ. ಪ್ಯಾನೆಲ್ ಅದೇ ಸಾಂದ್ರತೆಯನ್ನು ಇಡೀ ಚರ್ಮಕ್ಕೆ ಹಾಸುತ್ತದೆ, ಅದರಲ್ಲಿ ಒಂದು ಪಾಲು ಪ್ರತಿಫಲಿಸಿ ಹೋಗುತ್ತದೆ. ಎರಡೂ ಲೆಕ್ಕ ಪೂರ್ತಿ ತಾಳೆಯಾಗುವುದಿಲ್ಲ. ಪ್ಯಾನೆಲ್‌ನಲ್ಲಿ ಕೈಬಿಗಿ ಹಿಡಿಯಿರಿ ಎನ್ನುವುದು ಇದಕ್ಕೇ. "ಇಪ್ಪತ್ತು ನಿಮಿಷ ನಿಲ್ಲಿ" ಎಂಬ ಮಾರಾಟಗಾರರ ಮಾತು ಅಳತೆಯಿಲ್ಲದ ಮಾತು.

ಯಾರು ದೂರವಿರಬೇಕು

ಬೆಳಕು ಬೀಳುವ ಭಾಗದಲ್ಲಿ ಕ್ಯಾನ್ಸರ್ ಇರುವವರು ಅಥವಾ ಇದೆಯೆಂಬ ಅನುಮಾನವಿರುವವರು, ಗರ್ಭಿಣಿಯರ ಹೊಟ್ಟೆ-ಸೊಂಟದ ಭಾಗ, ಕುತ್ತಿಗೆಯ ಥೈರಾಯ್ಡ್ ಜಾಗ ಇವು ಬೇಡ. ಮಿನುಗುವ ಬೆಳಕಿಗೆ ಮೂರ್ಛೆ ಬರುವವರೂ ಬೇಡ. ಬಿಸಿಲಿಗೆ ಮೈ ಕೆರಳಿಸುವ ಔಷಧಿ ತೆಗೆದುಕೊಳ್ಳುವಾಗ ವೈದ್ಯರನ್ನು ಕೇಳಿ. ಮಲೆನಾಡಿನಲ್ಲಿ ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಇಂಥದ್ದೊಂದು. ಅದರ ತೊಂದರೆ ಮುಖ್ಯವಾಗಿ ನೇರಳಾತೀತ ಕಿರಣದಿಂದ ಬರುವುದು, ಆದರೂ ಮಾತ್ರೆ ಮುಗಿಯುವವರೆಗೆ ಬಿಟ್ಟಿದ್ದರೆ ಕಳೆದುಕೊಳ್ಳುವುದೇನಿಲ್ಲ. ಹಚ್ಚೆ ಇರುವ ಜಾಗಕ್ಕೆ ಕ್ಲಸ್ಟರ್ ಒತ್ತಬೇಡಿ. ಕಪ್ಪು ಶಾಯಿ ಬೆಳಕು ಹೀರಿ ಚುರುಕ್ ಎನ್ನುತ್ತದೆ.

ಇದು ಉದ್ದೀಪನ ಮದ್ದಾದೀತೇ ಎಂಬ ಅಳುಕು ರಾಜ್ಯ, ರಾಷ್ಟ್ರ ಮಟ್ಟಕ್ಕೆ ಹೋಗುವ ಮಕ್ಕಳ ಪೋಷಕರಿಗೆ ಇರುತ್ತದೆ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿ ಇದು ಇಲ್ಲ.

ಮೂರನೇ ಹಂತ: ಆಟದ ದಿನದ ಕ್ರಮ

ಆಟಕ್ಕೆ ಮೊದಲು ಕೊಟ್ಟ ಬೆಳಕು ಆಮೇಲೆ ಕೊಟ್ಟದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ನೋವು ಬಂದ ಮೇಲೆ ಪ್ಯಾನೆಲ್ ಹುಡುಕುವವರೇ ಹೆಚ್ಚು, ಅದು ತಿರುಗುಮುರುಗು. ಆಟಕ್ಕೆ 5 ನಿಮಿಷದಿಂದ 6 ಗಂಟೆ ಮೊದಲಿನವರೆಗೆ ಕೊಡಬಹುದು. ವಾರ್ಮಪ್‌ಗೂ ಜಾಗವಿರಬೇಕಾದ್ದರಿಂದ 40ರಿಂದ 60 ನಿಮಿಷ ಮೊದಲು ಮುಗಿಸುವುದು ಅನುಕೂಲ. ಗಿರಿಯ ಬುಡದ ಕೈಮರದಿಂದ ಬೆಳಗ್ಗೆ ಆರಕ್ಕೆ ಸೈಕಲ್ ಹತ್ತುವವರು ಐದು ಗಂಟೆಗೆ ಕಾಫಿ ಕಾಯುವ ಹೊತ್ತಲ್ಲೇ ಮುಗಿಸಬಹುದು. ಹಳ್ಳಿ ಹಬ್ಬದ ಹೊನಲು ಬೆಳಕಿನ ಕಬಡ್ಡಿಯಲ್ಲಿ ನಿಮ್ಮ ಮೊದಲ ಪಂದ್ಯ ಎಷ್ಟು ಹೊತ್ತಿಗೆ ಎಂದು ಬ್ರಹ್ಮನಿಗೂ ಗೊತ್ತಿರುವುದಿಲ್ಲ. ಸಂಜೆ ಏಳಕ್ಕೆ ಕೊಟ್ಟರೆ ರಾತ್ರಿ ಒಂದರವರೆಗೂ ನಡೆಯುತ್ತದೆ. ಒಂದೇ ರಾತ್ರಿ ನಾಲ್ಕು ಪಂದ್ಯವಿದ್ದರೂ ಮತ್ತೆ ಮತ್ತೆ ಬೇಡ.

ಚರ್ಮ ತೊಳೆದು ಒರೆಸಿ. ಕೆಸರು, ಬೆವರು, ಎಣ್ಣೆ, ಸನ್‌ಸ್ಕ್ರೀನ್ ಎಲ್ಲವೂ ಬೆಳಕಿಗೆ ಅಡ್ಡ. ನೋವಿನ ಬಾಮ್ ಹಚ್ಚಿದ ಮೇಲೆ ಬೆಳಕು ಹಿಡಿಯಬೇಡಿ. ಬೆಚ್ಚಗಾದ ಚರ್ಮ ಬಾಮನ್ನು ಹೆಚ್ಚು ಹೀರಿ ಉರಿ ಏಳುತ್ತದೆ. ಬಾಮ್ ಬೇಕಿದ್ದರೆ ಬೆಳಕು ಮುಗಿದು ಚರ್ಮ ತಣ್ಣಗಾದ ಮೇಲೆ. ಬಟ್ಟೆಯ ಮೇಲಿಂದ ಕೊಟ್ಟದ್ದು ಲೆಕ್ಕಕ್ಕಿಲ್ಲ. ಮಳೆಗಾಲದಲ್ಲಿ ಇಂಬಳ ಕಚ್ಚಿ ಇನ್ನೂ ರಕ್ತ ಜಿನುಗುತ್ತಿರುವ ಜಾಗವನ್ನು ಬಿಟ್ಟು ಪಕ್ಕಕ್ಕೆ ಒತ್ತಿ.

ಕಣ್ಣು ಜೋಪಾನ. ನಿಯರ್ ಇನ್ಫ್ರಾರೆಡ್ ಕಣ್ಣಿಗೆ ಕಾಣದು, ಆದ್ದರಿಂದ ಪಾಪೆ ಕುಗ್ಗುವುದಿಲ್ಲ, ರೆಪ್ಪೆ ಮುಚ್ಚುವುದಿಲ್ಲ, ಬೆಳಕು ನೇರ ಅಕ್ಷಿಪಟಕ್ಕೆ ಹೋಗುತ್ತದೆ. ಎಲ್‌ಇಡಿ ಪ್ಯಾನೆಲ್ ತೊಡೆಗೆ ತಿರುಗಿಸಿ ಕೂತಾಗ ಅದನ್ನು ದಿಟ್ಟಿಸದಿದ್ದರೆ ಸಾಕು. ಲೇಸರ್ ಡಯೋಡ್‌ನ ಉಪಕರಣಕ್ಕೆ ಅದರ ತರಂಗಾಂತರ ಬರೆದಿರುವ ಕನ್ನಡಕವೇ ಬೇಕು, ಕೂಲಿಂಗ್ ಗ್ಲಾಸ್ ನಡೆಯದು. ಪಕ್ಕದಲ್ಲಿ ಕೂತ ಗೆಳೆಯನಿಗೂ ಒಂದು ಕೊಡಿ.

ಇನ್ನು ಜಾಗಗಳು. ಕಾಲು ಚಾಚಿ ಕೂತು ತೊಡೆ ಬಿಗಿ ಮಾಡಿ, ಮಂಡಿಚಿಪ್ಪಿನ ಮೇಲೆ ಒಳಬದಿಗೆ ಹನಿಯ ಆಕಾರದಲ್ಲಿ ಒಂದು ಉಬ್ಬು ಏಳುತ್ತದೆ. ಅಲ್ಲಿ ಒಂದು, ಅದಕ್ಕಿಂತ ನಾಲ್ಕು ಬೆರಳು ಮೇಲೆ ಒಂದು. ತೊಡೆಯ ನಡುಗೆರೆಯಲ್ಲಿ ಮಂಡಿಗೂ ಸೊಂಟದ ಮೂಳೆಗೂ ಮಧ್ಯದ ಭಾಗದಲ್ಲಿ ಎರಡು. ಹೊರಬದಿಯಲ್ಲಿ, ಪ್ಯಾಂಟಿನ ಹೊಲಿಗೆಗಿಂತ ಎರಡು ಬೆರಳು ಮುಂದಕ್ಕೆ, ಎರಡು. ಆರಾಯಿತು. ಬಿಗಿ ಸಡಿಲಿಸಿ, ಚರ್ಮ ಸ್ವಲ್ಪ ತಗ್ಗುವಷ್ಟು ಒತ್ತಿ, ಉಪಕರಣ ಓರೆಯಾಗದಂತೆ ಹಿಡಿದು, ಮೊಬೈಲ್‌ನಲ್ಲಿ 40 ಸೆಕೆಂಡ್ ಇಟ್ಟುಕೊಳ್ಳಿ. ಉಜ್ಜುತ್ತಾ ಓಡಾಡಿಸಬೇಡಿ, ಯಾವ ಜಾಗಕ್ಕೆ ಎಷ್ಟು ಬಿತ್ತೆಂದು ತಿಳಿಯುವುದಿಲ್ಲ. ತೊಡೆಯ ಹಿಂಭಾಗಕ್ಕೆ ನಾಲ್ಕು ಜಾಗ, ಒಳಗೆ ಎರಡು ಹೊರಗೆ ಎರಡು. ಮೀನಖಂಡದ ಎರಡು ಉಬ್ಬುಗಳಿಗೆ ಒಂದೊಂದು, ಅಡಿಯಲ್ಲಿ ಸ್ನಾಯು ಸಪೂರವಾಗುವಲ್ಲಿ ಇನ್ನೊಂದು. ಕೈತೋಳಿಗೆ ಒಂದೆರಡು ಜಾಗ, ಅಲ್ಲಿ ಒಟ್ಟು 60 ಜೂಲ್ ಮೀರಬೇಡಿ. ಪೃಷ್ಠದಲ್ಲಿ ಕೊಬ್ಬಿನ ಪದರ ದಪ್ಪ, ಬೆಳಕು ಸ್ನಾಯು ಮುಟ್ಟುವುದೇ ಕಷ್ಟ, ಸಮಯ ಹಾಳು.

ಪ್ಯಾನೆಲ್‌ನವರು ತೊಡೆಗೆ ಸಮಾನಾಂತರವಾಗಿ, ದೂರವನ್ನು ಸ್ಕೇಲ್‌ನಲ್ಲಿ ಅಳೆದು ಕೂರಬೇಕು. 15 ಎಂದುಕೊಂಡು 30 ಸೆಂ.ಮೀ.ನಲ್ಲಿ ಕೂತರೆ ಡೋಸ್ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಒಳಬದಿ, ಹೊರಬದಿಗೆ ಕಾಲು ತಿರುಗಿಸಿ ಎರಡು ಭಾಗ ಮಾಡಿ ಕೊಡಿ. ಚರ್ಮ ಹಿತವಾಗಿ ಬೆಚ್ಚಗಾಗಬಹುದು, ಚುರುಗುಟ್ಟಬಾರದು. ಚುರುಗುಟ್ಟಿದರೆ 5-10 ಸೆಂ.ಮೀ. ಹಿಂದೆ ಸರಿದು ಸಮಯ ಹೆಚ್ಚಿಸಿ.

ಎಷ್ಟು ದಿನಕ್ಕೊಮ್ಮೆ? ಕಠಿಣ ಅಭ್ಯಾಸದ ದಿನಗಳಲ್ಲಿ, ವಾರಕ್ಕೆ ಎರಡು ಮೂರು ಸಲ. ಸುಮ್ಮನೆ ಕೂರುವ ದಿನ ಬೇಡ. ದೊಡ್ಡ ಓಟದ ದಿನವೇ ಮೊದಲ ಸಲ ಪ್ರಯೋಗ ಮಾಡುವುದು ಹೊಸ ಶೂ ಹಾಕಿ ಮ್ಯಾರಥಾನ್ ಓಡಿದ ಹಾಗೆ.

ನಾಲ್ಕನೇ ಹಂತ: ಒಂದು ಕಾಲಿಗೆ ಕೊಟ್ಟು ನೋಡಿ

ಮೊದಲ ಸಲ ಗಿರಿ ಇಳಿದಾಗ ಐದು ದಿನ ನೋವು. ಪ್ಯಾನೆಲ್ ತಂದು ಎರಡನೇ ಸಲ ಇಳಿದಾಗ ಎರಡೇ ದಿನ. "ಕೆಲಸ ಮಾಡಿತು!" ಎಂದು ಊರಿಗೆಲ್ಲ ಹೇಳುವ ಮುನ್ನ ತಡೆಯಿರಿ. ಒಮ್ಮೆ ಇಳಿಜಾರಿನ ಪೆಟ್ಟು ತಿಂದ ಸ್ನಾಯು ಮುಂದಿನ ಹಲವು ವಾರ ಅದೇ ಪೆಟ್ಟಿಗೆ ಗಟ್ಟಿಯಾಗಿರುತ್ತದೆ. ಪ್ಯಾನೆಲ್ ಇಲ್ಲದಿದ್ದರೂ ಎರಡನೇ ಸಲ ನೋವು ಕಡಿಮೆಯೇ. ಈ ಒಂದು ಕಾರಣಕ್ಕೆ ಎಷ್ಟೋ ಎಣ್ಣೆ, ಪುಡಿ, ಪಟ್ಟಿಗಳು ಬಿಟ್ಟಿ ಹೆಸರು ಗಳಿಸಿವೆ.

ಹಾಗಾಗಿ ಕಾಲಿಗೆ ಕಾಲನ್ನೇ ಹೋಲಿಸಿ. ಒಂದು ತೊಡೆಗೆ ಪೂರ್ತಿ ಡೋಸ್, ಇನ್ನೊಂದಕ್ಕೆ ಅಷ್ಟೇ ಹೊತ್ತು ಆರಿಸಿದ ಉಪಕರಣ. ಯಾವ ಕಾಲಿಗೆ ಎಂದು ನಾಣ್ಯ ಚಿಮ್ಮಿ ಗೆಳೆಯ ನಿರ್ಧರಿಸಲಿ, ನಿಮಗೆ ಹೇಳುವುದು ಬೇಡ. ಇನ್ಫ್ರಾರೆಡ್ ಮಾತ್ರ ಹೊತ್ತಿಸಿದರೆ ಕಣ್ಣಿಗೂ ಸುಲಭಕ್ಕೆ ತಿಳಿಯುವುದಿಲ್ಲ. ಫ್ಯಾನಿನ ಸದ್ದು ಎರಡೂ ಸಲ ಇರುವಂತೆ ನೋಡಿಕೊಳ್ಳಿ. 24 ಮತ್ತು 48 ಗಂಟೆಗೆ ಒಂದೊಂದೇ ಕಾಲಲ್ಲಿ ಮೆಟ್ಟಿಲಿಳಿದು 0ರಿಂದ 10ರವರೆಗೆ ನೋವಿನ ಅಂಕ ಬರೆಯಿರಿ. ಬೆರಳಿಗೆ ಸೀಮೆಸುಣ್ಣ ಬಳಿದುಕೊಂಡು ಒಂಟಿ ಕಾಲಲ್ಲಿ ಹಾರಿ ಗೋಡೆ ಮುಟ್ಟಿ, ಗುರುತಿನ ಎತ್ತರ ಅಳೆಯಿರಿ, ಮೂರು ಹಾರಾಟದಲ್ಲಿ ಒಳ್ಳೆಯದು. ಎಂಟು ಸಲ ಹೀಗೆ ಮಾಡಿದ ಮೇಲೆ ಗೆಳೆಯನ ಚೀಟಿ ಬಿಚ್ಚಿ. ಬೆಳಕು ಬಿದ್ದ ಕಾಲು ಎಂಟರಲ್ಲಿ ಏಳು ಸಲ ಮುಂದಿದ್ದರೆ ನಂಬಬಹುದು. ನಾಲ್ಕು-ಐದು ಸಲವಾದರೆ ನಾಣ್ಯದ ಆಟ. ಪ್ಯಾನೆಲ್ ಮಾರಿ ಒಳ್ಳೆಯ ಶೂ ತನ್ನಿ.

ಎಲ್ಲಿ ಎಡವುತ್ತಾರೆ

ನೋಯುವ ಜಾಗಕ್ಕೇ ಹಿಡಿಯುವುದು ದೊಡ್ಡ ತಪ್ಪು. ಮಂಡಿ ನೋವಿಗೆ ಮಂಡಿಚಿಪ್ಪಿನ ಮೇಲೆ ಹಿಡಿದು ಕೂರುತ್ತಾರೆ, ಬೇಕಿರುವುದು ಎಷ್ಟೋ ಸಲ ತೊಡೆಯ ಬಲ. ಬೆಳಕು ನೋವು ಮರೆಸಿದರೆ ಗಾಯವೂ ವಾಸಿಯಾಯಿತೆಂದು ಓಡುವುದು ಇನ್ನೊಂದು ತಪ್ಪು.

ಮೂರು ಸಂದರ್ಭದಲ್ಲಿ ಬೆಳಕನ್ನು ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೋಗಬೇಕು. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಬೆರಳಿನ ತುದಿಯಷ್ಟೇ ಜಾಗದಲ್ಲಿ ನೋವು ಕೂತಿದ್ದು ಓಡಿದಷ್ಟೂ ಹೆಚ್ಚಿದರೆ ಮೂಳೆಯ ಬಿರುಕಿನ ಅನುಮಾನ. ದೀರ್ಘ ಓಟದ ನಂತರ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಅದರ ವಸ್ತು ಮೂತ್ರಪಿಂಡಕ್ಕೆ ಹೋಗುತ್ತಿದೆ ಎಂದರ್ಥ, ಬೆಳಗಾಗಲಿ ಎಂದು ಕಾಯುವ ಮಾತೇ ಇಲ್ಲ.

ಉಳಿದ ತಪ್ಪುಗಳು ಉಪಕರಣದವು. ಕರೆಂಟ್ ಹೋದಾಗ ಇನ್ವರ್ಟರ್‌ನಲ್ಲಿ ನಡೆಸಬಹುದು. 100 ವಾಟ್‌ನ ಪ್ಯಾನೆಲ್ ಹತ್ತು ನಿಮಿಷಕ್ಕೆ ತಿನ್ನುವುದು 17 ವಾಟ್-ಗಂಟೆ, ಒಂದು ಯೂನಿಟ್‌ನಲ್ಲಿ ಅರವತ್ತು ಸಲ ಆಗುತ್ತದೆ. ಆದರೆ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಡ್ರೈವರ್ ಗುಂಯ್ ಎಂದು ಬಿಸಿಯಾಗುತ್ತದೆ, ಸೈನ್ ವೇವ್ ಇದ್ದರೆ ಮಾತ್ರ ಹಾಕಿ. ಮಳೆಗಾಲದ ತೇವಕ್ಕೆ ಪ್ಯಾನೆಲ್‌ನ ಲೆನ್ಸ್‌ಗಳ ಮೇಲೆ ಬೂಷ್ಟು ಹಿಡಿಯುತ್ತದೆ, ಹಿಂಬದಿಯ ಫ್ಯಾನಿಗೆ ಧೂಳು ಮೆತ್ತಿಕೊಳ್ಳುತ್ತದೆ. ಫ್ಯಾನ್ ನಿಧಾನವಾದರೆ ಎಲ್‌ಇಡಿ ಕಾದು ಬೆಳಕು ಇಳಿಯುತ್ತದೆ, ಅದು ಕಣ್ಣಿಗೆ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಮುಖವನ್ನು ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಜಾಲರಿಗೆ ಹಳೇ ಪೇಂಟ್ ಬ್ರಷ್ ಆಡಿಸಿ. ಆಮೇಲೆ ಸೆಲ್ಫಿ ಕ್ಯಾಮೆರಾ ಹಿಡಿದು ಸತ್ತ ಡಯೋಡ್ ಎಷ್ಟೆಂದು ಎಣಿಸಿ. ಮಳೆ ಬಿಟ್ಟ ಮೇಲೆ ವಾಟ್ ಮೀಟರ್ ಮತ್ತೊಮ್ಮೆ ಸಿಕ್ಕಿಸಿ. ಮೊದಲು 100 ತೋರಿಸಿದ್ದು ಈಗ 80 ಎಂದರೆ 400 ಸೆಕೆಂಡ್‌ನ ಜಾಗಕ್ಕೆ 500 ಸೆಕೆಂಡ್ ಎಂದು ಪ್ಯಾನೆಲ್‌ನ ಬೆನ್ನಿಗೆ ಚೀಟಿ ಅಂಟಿಸಿ.